ಮೈಕ್ ಸೋಲುತ್ತಾನೆ ಎಂದು ನಮಗೆ ಮೊದಲೇ ಗೊತ್ತು

2001ರ ‘ಮಾನ್‌ಸ್ಟರ್ಸ್, ಇಂಕ್.’ ಎಂಬ ಅನಿಮೇಷನ್ ಚಿತ್ರದಲ್ಲಿ ಮಕ್ಕಳನ್ನು ಹೆದರಿಸುವುದೇ ಗುಮ್ಮಗಳ ಕಸುಬು. ಆದರೆ ಮೈಕ್ ವಜೌಸ್ಕಿ ಎಂಬ ಗುಮ್ಮ ಯಾವ ಮಗುವನ್ನೂ ಹೆದರಿಸುವುದಿಲ್ಲ. ಹೆದರಿಸುವವನು ಅವನ ಗೆಳೆಯ ಸಲ್ಲಿ. ಮೈಕ್‌ನ ಪಾಲಿಗೆ ಬಂದಿರುವುದು ಬಾಗಿಲು ತರಿಸುವುದು, ಕಿರುಚಾಟ ತುಂಬಿದ ಸಿಲಿಂಡರ್ ಬದಲಿಸುವುದು, ಸಂಜೆ ಕಾಗದಪತ್ರ ಒಪ್ಪಿಸುವುದು. ಅದನ್ನೂ ನೆಟ್ಟಗೆ ಒಪ್ಪಿಸದೆ, ಕಾಗದಪತ್ರ ನೋಡಿಕೊಳ್ಳುವ ರಾಝ್ ಕೈಲಿ ಬೈಸಿಕೊಳ್ಳುವುದು. ಇವನು ಸಹಾಯಕನಾಗಿಯೇ ಉಳಿದದ್ದು ಏಕೆ ಎಂದು ಆಗ ನಾವ್ಯಾರೂ ಕೇಳಲಿಲ್ಲ. ಹಸಿರು ಚೆಂಡಿಗೆ ಕೈಕಾಲು ಅಂಟಿಸಿದ ಹಾಗಿರುವ, ಒಂದೇ ಕಣ್ಣಿನ, ಬಾಯಿಗೆ ಬಿಡುವೇ ಕೊಡದ ಈ ಪ್ರಾಣಿಯನ್ನು ಕಂಡು ಹೆದರುವವರಾದರೂ ಯಾರು?

12 ವರ್ಷಗಳ ನಂತರ, 2013ರ ಜೂನ್‌ನಲ್ಲಿ, ನಾವು ಕೇಳದ ಆ ಪ್ರಶ್ನೆಗೆ ಆ ಚಿತ್ರ ತಯಾರಿಸಿದ ಪಿಕ್ಸಾರ್ ಸಂಸ್ಥೆ ಒಂದು ಇಡೀ ಚಿತ್ರದಷ್ಟು ಉದ್ದದ ಉತ್ತರ ಕೊಟ್ಟಿತು. ಅದೇ ‘ಮಾನ್‌ಸ್ಟರ್ಸ್ ಯೂನಿವರ್ಸಿಟಿ’. ನಿರ್ದೇಶಕ ಡ್ಯಾನ್ ಸ್ಕ್ಯಾನ್ಲನ್. ಪಿಕ್ಸಾರ್‌ನ 14ನೇ ಚಿತ್ರ ಇದು, ಪ್ರೀಕ್ವೆಲ್ (ಮೂಲಕ್ಕಿಂತ ಹಿಂದಿನ ಕಥೆ ಹೇಳುವ ಚಿತ್ರ) ಎಂಬ ಲೆಕ್ಕದಲ್ಲಿ ಆ ಸಂಸ್ಥೆಗೆ ಮೊದಲನೆಯದು. ಜಗತ್ತಿನಾದ್ಯಂತ ಸುಮಾರು 74 ಕೋಟಿ ಡಾಲರ್ ಗಳಿಸಿತು. ಆಸ್ಕರ್‌ನ ಅನಿಮೇಷನ್ ವಿಭಾಗದಲ್ಲಿ ನಾಮನಿರ್ದೇಶನ ಮಾತ್ರ ಸಿಗಲಿಲ್ಲ. ದುಡ್ಡು ಬಂತು, ಗೌರವ ಅರ್ಧ ಬಂತು ಎಂದಿಟ್ಟುಕೊಳ್ಳಿ. ಆ ಅರ್ಧ ಗೌರವ ಅನ್ಯಾಯವೇನಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಚಿತ್ರದ ಉಳಿದರ್ಧ ಎಷ್ಟು ಒಳ್ಳೆಯದೆಂದರೆ, ಪ್ರೀಕ್ವೆಲ್ ಎಂಬ ಈ ಜಾತಿಯ ಕಥೆ ಹೇಗೆ ಬದುಕುತ್ತದೆ, ಎಲ್ಲಿ ಸಾಯುತ್ತದೆ ಎಂಬುದನ್ನು ಈ ಒಂದೇ ಚಿತ್ರವನ್ನು ಬಿಡಿಸಿ ನೋಡಿ ತಿಳಿಯಬಹುದು.

ಮೂಲ ಚಿತ್ರ ನೋಡದವರಿಗೆ ಎರಡು ಮಾತು. ಮಕ್ಕಳನ್ನು ಮಲಗಿಸಲು ದೊಡ್ಡವರು ಹೆಸರು ಹೇಳುತ್ತಾರಲ್ಲ, ಆ ಗುಮ್ಮಗಳದೇ ಒಂದು ಊರು. ಆ ಊರಿಗೆ ವಿದ್ಯುತ್ತು ಬರುವುದು ಮನುಷ್ಯರ ಮಕ್ಕಳ ಕಿರುಚಾಟದಿಂದ. ಪ್ರತಿ ಮಗುವಿನ ಕೋಣೆಯ ಬೀರುವಿಗೂ ಕಾರ್ಖಾನೆಯಲ್ಲಿ ಒಂದು ಬಾಗಿಲಿದೆ. ಗುಮ್ಮ ಆ ಬಾಗಿಲಿನಿಂದ ಹೊಕ್ಕು, ಹೆದರಿಸಿ, ಕಿರುಚಾಟ ತುಂಬಿಸಿಕೊಂಡು ಬರುತ್ತದೆ. ಒಂದು ರಾತ್ರಿ ‘ಬೂ’ ಎಂಬ ಪುಟ್ಟ ಹುಡುಗಿ ಬಾಗಿಲು ದಾಟಿ ಈಚೆ ಬಂದುಬಿಡುತ್ತಾಳೆ. ಕೊನೆಗೆ ಗೊತ್ತಾಗುವುದೇನೆಂದರೆ, ಮಕ್ಕಳ ಕಿರುಚಾಟಕ್ಕಿಂತ ಮಕ್ಕಳ ನಗುವಿಗೆ ಹತ್ತು ಪಟ್ಟು ಶಕ್ತಿ. ಆಗ ಹೆದರಿಸುವ ಉದ್ಯೋಗವೇ ಮುಚ್ಚಿಹೋಗಿ, ನಗಿಸುವ ಉದ್ಯೋಗ ಶುರುವಾಗುತ್ತದೆ. ನಗಿಸುವವರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು ಮೈಕ್.

ಈ ಕೊನೆಯ ಸಂಗತಿ ನೆನಪಿರಲಿ. ಮುಂದೆ ಬೇಕಾಗುತ್ತದೆ.

ಹಿಂದಕ್ಕೆ ಹೋಗುವ ಕಷ್ಟ

ಪ್ರೀಕ್ವೆಲ್ ಕಥೆಯ ಲೆಕ್ಕದಲ್ಲಿ ಹಿರಿಯದು, ಹುಟ್ಟಿನ ಲೆಕ್ಕದಲ್ಲಿ ಕಿರಿಯದು. ಮೂಲಚಿತ್ರ ಬಂದ ಮೇಲೆ ತಯಾರಾಗುತ್ತದೆ, ಆದರೆ ಅದಕ್ಕಿಂತ ಮೊದಲು ನಡೆದದ್ದನ್ನು ಹೇಳುತ್ತದೆ. ಹಾಗಾಗಿ ಅದರ ಕೈಗಳನ್ನು ಯಾರೋ ಮೊದಲೇ ಕಟ್ಟಿಹಾಕಿರುತ್ತಾರೆ. ಮುಖ್ಯ ಪಾತ್ರಗಳು ಸಾಯುವಂತಿಲ್ಲ. ಸ್ನೇಹ ಮುರಿದರೂ ಕೂಡಲೇಬೇಕು. ‘ಮುಂದೇನಾಯ್ತು’ ಎಂಬ ಕುತೂಹಲವೇ ಕಥೆಯ ಬಂಡಿಯನ್ನು ಎಳೆಯುವ ಎತ್ತು ಎಂದರೆ, ಪ್ರೀಕ್ವೆಲ್ ಎತ್ತಿಲ್ಲದೆ ಹೊರಟ ಬಂಡಿ.

ಆದರೂ ಜನ ಕೊನೆ ಗೊತ್ತಿರುವ ಕಥೆಗಳನ್ನು ಕೇಳುತ್ತಲೇ ಬಂದಿದ್ದಾರೆ. ರಥದ ಗಾಲಿ ಹೂತುಹೋಗುತ್ತದೆ ಎಂದು ಗೊತ್ತಿದ್ದೇ ಕರ್ಣನ ಕಥೆಗೆ ಕೂರುತ್ತೇವೆ. ಗೊತ್ತಿರುವುದರಿಂದಲೇ ಅವನ ಒಂದೊಂದು ದಾನವೂ ಎದೆಗೆ ನಾಟುತ್ತದೆ: ಅಯ್ಯೋ, ಕವಚವನ್ನೂ ಕೊಟ್ಟನಲ್ಲ! ಕುತೂಹಲ ಹೋದ ಜಾಗಕ್ಕೆ ಅಲ್ಲಿ ಬೇರೊಂದು ಬಂದು ಕೂತಿದೆ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ ಎಂಬ ಸಂಕಟ ಅದು. ಒಳ್ಳೆಯ ಪ್ರೀಕ್ವೆಲ್ ಈ ಸಂಕಟದ ಮೇಲೆ ನಡೆಯುತ್ತದೆ. ಸಾಧಾರಣ ಪ್ರೀಕ್ವೆಲ್ ಇದನ್ನು ಮರೆತು, ಮೂಲಚಿತ್ರದಲ್ಲಿ ಬಿಟ್ಟುಹೋದ ಖಾಲಿ ಜಾಗಗಳನ್ನು ತುಂಬಿಸುತ್ತಾ ಕೂರುತ್ತದೆ. ಈ ಟೋಪಿ ಎಲ್ಲಿಂದ ಬಂತು, ಆ ಅಡ್ಡಹೆಸರು ಯಾರಿಟ್ಟರು, ಇತ್ಯಾದಿ.

ಮಕ್ಕಳ ಚಿತ್ರಗಳಲ್ಲಿ ಇನ್ನೊಂದು ತೊಡಕಿದೆ. ಚಿತ್ರಮಂದಿರದಲ್ಲಿ ಅಕ್ಕಪಕ್ಕ ಕೂತವರಿಗೆ ಗೊತ್ತಿರುವುದು ಒಂದೇ ಅಲ್ಲ. 2001ರಲ್ಲಿ ಎಂಟು ವರ್ಷವಿದ್ದ ಹುಡುಗ 2013ಕ್ಕೆ ಸ್ವತಃ ಕಾಲೇಜಿಗೆ ಹೋಗುವ ವಯಸ್ಸಿನವ. ಅವನ ಪಕ್ಕದ ಕುರ್ಚಿಯಲ್ಲಿ ಈಗ ಎಂಟು ವರ್ಷದ ಇನ್ನೊಬ್ಬ, ಮೂಲಚಿತ್ರದ ಹೆಸರನ್ನೇ ಕೇಳದವನು. ಇಬ್ಬರಿಗೂ ಕಥೆ ದಕ್ಕಬೇಕು.

ಹಾಗಿದ್ದರೆ ಮುಂದುವರಿದ ಭಾಗವನ್ನೇ ಮಾಡಬಹುದಿತ್ತಲ್ಲ? ಆ ಪ್ರಯತ್ನವೂ ನಡೆದಿತ್ತು. 2006ರಲ್ಲಿ ಡಿಸ್ನಿ ಪಿಕ್ಸಾರನ್ನು ಕೊಳ್ಳುವ ಮೊದಲು, ಎರಡೂ ಸಂಸ್ಥೆಗಳ ಸಂಬಂಧ ಹಳಸಿದ್ದಾಗ, ಡಿಸ್ನಿ ತನ್ನದೇ ‘ಸರ್ಕಲ್ 7’ ಎಂಬ ಸ್ಟುಡಿಯೊ ತೆರೆದು ಪಿಕ್ಸಾರ್ ಚಿತ್ರಗಳ ಮುಂದಿನ ಭಾಗಗಳಿಗೆ ಕೈಹಾಕಿತ್ತು. ಮೈಕ್ ಮತ್ತು ಸಲ್ಲಿ ಬೂಳನ್ನು ಹುಡುಕಿಕೊಂಡು ಮನುಷ್ಯರ ಲೋಕಕ್ಕೆ ಹೋಗುವ ಕಥೆಯೂ ಅಲ್ಲಿ ಬೆಳೆಯುತ್ತಿತ್ತು. ಸ್ಟುಡಿಯೊ ಮುಚ್ಚಿತು, ಕಥೆ ಬಿದ್ದುಹೋಯಿತು. ಒಳ್ಳೆಯದೇ ಆಯಿತು ಅನ್ನುತ್ತೇನೆ. ಮೂಲಚಿತ್ರದ ಕೊನೆಯಲ್ಲಿ ಬಾಗಿಲು ತೆರೆಯುತ್ತದೆ, ಒಳಗಿಂದ ಬೂಳ ದನಿ ಕೇಳುತ್ತದೆ, ಸಲ್ಲಿಯ ಮುಖ ಅರಳುತ್ತದೆ, ಅಷ್ಟಕ್ಕೇ ಪರದೆ ಕಪ್ಪು. ಬೂ ಕಾಣುವುದೇ ಇಲ್ಲ. ಅವಳೆಷ್ಟು ದೊಡ್ಡವಳಾಗಿದ್ದಾಳೆ ಎಂಬುದನ್ನು ನಮ್ಮ ಕಲ್ಪನೆಗೇ ಬಿಟ್ಟಿದ್ದಾರೆ. ಮುಂದಿನ ಭಾಗ ಬಂದಿದ್ದರೆ ಆ ಬಾಗಿಲನ್ನು ಪೂರ್ತಿ ತೆರೆಯಲೇಬೇಕಿತ್ತು. ಪ್ರೀಕ್ವೆಲ್ ಆ ಬಾಗಿಲ ತಂಟೆಗೇ ಹೋಗುವುದಿಲ್ಲ.

ಹಾಗೆ ಉಳಿಸಿಕೊಂಡದ್ದಕ್ಕೆ ಕೊಟ್ಟ ಬೆಲೆಯೂ ಸಣ್ಣದಲ್ಲ. ಬೂ ಇಲ್ಲದ ಮೇಲೆ ಆ ಚಿತ್ರದ ಜೀವಾಳವೇ ಇಲ್ಲ. ದೈತ್ಯನೊಬ್ಬನ ತೋಳಿನಲ್ಲಿ ನಿದ್ದೆಹೋಗುವ ಮಗು, ಆ ಒಂದು ಚಿತ್ರಕ್ಕೆ ಸಾಟಿಯಾಗುವಂಥದ್ದು ಕಾಲೇಜಿನ ಅಂಗಳದಲ್ಲಿ ಎಲ್ಲಿಂದ ತರುವುದು?

ಬೇಸಿಗೆ ಶಿಬಿರದ ಆ ಕೋಣೆ

ಕಥೆ ಶುರುವಾಗುವುದು ಮೈಕ್‌ನ ಬಾಲ್ಯದಲ್ಲಿ. ಶಾಲೆಯ ಮಕ್ಕಳು ಕಾರ್ಖಾನೆ ನೋಡಲು ಬಂದಿದ್ದಾರೆ. ಇಬ್ಬಿಬ್ಬರು ಕೈ ಹಿಡಿದುಕೊಳ್ಳಿ ಎಂದಾಗ ಮೈಕ್‌ನ ಕೈ ಹಿಡಿಯುವವರಿಲ್ಲ, ಟೀಚರೇ ಗತಿ. ಎಲ್ಲರ ಹಿಂದೆ ನಿಂತು ಏನೂ ಕಾಣದ ಆ ಹುಡುಗ ಗೆರೆ ದಾಟಿ, ಹೆದರಿಸುವವನೊಬ್ಬನ ಬೆನ್ನಿಗೇ ಬಾಗಿಲು ಹೊಕ್ಕುಬಿಡುತ್ತಾನೆ. ಹೊರಬಂದಾಗ ಆತ ಬೈಯುವ ಬದಲು, ನೀನು ಒಳಗಿದ್ದದ್ದು ನನಗೇ ಗೊತ್ತಾಗಲಿಲ್ಲ ಎನ್ನುತ್ತಾ ತನ್ನ ವಿಶ್ವವಿದ್ಯಾಲಯದ ಟೋಪಿಯನ್ನು ಹುಡುಗನ ತಲೆಗಿಡುತ್ತಾನೆ. ಮೈಕ್‌ನ ಬದುಕು ಆ ಟೋಪಿಯ ಕೆಳಗೆ ಬೆಳೆಯುತ್ತದೆ. ಗೆರೆ ದಾಟಿದ ಹುಡುಗನಿಗೆ ಏನಾದರೂ ಆದೀತೆಂದು ಅಲ್ಲಿದ್ದವರು ಹೆದರಿದರು. ನಮಗೋ, ಅವನ ಆಸೆ ಈಡೇರುವುದಿಲ್ಲ ಎಂಬುದು ಮೊದಲ ಹತ್ತು ನಿಮಿಷದಲ್ಲೇ ಗೊತ್ತು. ಅವನಿಗೆ ಗೊತ್ತಿಲ್ಲ. ಪ್ರೀಕ್ವೆಲ್‌ಗೆ ಇದಕ್ಕಿಂತ ಒಳ್ಳೆಯ ಆರಂಭ ನಾನು ನೋಡಿಲ್ಲ.

ಕಾಲೇಜಿಗೆ ಬಂದವನು ರಾತ್ರಿಹಗಲು ಓದುತ್ತಾನೆ. ಹೆದರಿಸುವ ಶಾಸ್ತ್ರದಲ್ಲಿ ಅವನಿಗೆ ಬಾರದ ಪಾಠವಿಲ್ಲ. ಸಲ್ಲಿ ಇದಕ್ಕೆ ತದ್ವಿರುದ್ಧ. ಹೆಸರಾಂತ ಅಪ್ಪನ ಮಗ, ಪೆನ್ಸಿಲ್ ಕೂಡ ತರದೆ ತರಗತಿಗೆ ಬಂದು ಒಂದು ಗರ್ಜನೆಯಲ್ಲೇ ಗೆಲ್ಲುವವನು. ಇಬ್ಬರ ಜಗಳದಲ್ಲಿ ಡೀನ್ ಹಾರ್ಡ್‌ಸ್ಕ್ರಾಬಲ್ ಇಟ್ಟುಕೊಂಡಿದ್ದ ದಾಖಲೆಯ ಸಿಲಿಂಡರ್ ಒಡೆಯುತ್ತದೆ, ಇಬ್ಬರೂ ಆ ವಿಭಾಗದಿಂದ ಹೊರಬೀಳುತ್ತಾರೆ. ಹೆದರಿಸುವ ಆಟಗಳ ಪಂದ್ಯ ಗೆದ್ದರೆ ಮರಳಿ ಸೇರಿಸಿಕೊಳ್ಳಬೇಕೆಂದು ಮೈಕ್ ಡೀನ್‌ಗೆ ಸವಾಲು ಹಾಕುತ್ತಾನೆ. ಗೆಲ್ಲುತ್ತಾರೆ ಕೂಡ. ಆಮೇಲೆ ತಿಳಿಯುತ್ತದೆ: ಕೊನೆಯ ಸುತ್ತು ನಡೆದ ಅಣಕು ಕೋಣೆಯಲ್ಲಿ ಮೈಕ್ ಹೆದರಿಸಬೇಕಿದ್ದ ಮಗುವಿನ ರೂಪದ ಯಂತ್ರವನ್ನು ಸಲ್ಲಿ ಮೊದಲೇ ತಿರುಚಿಟ್ಟಿದ್ದ. ಗೆಳೆಯನ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ.

(ಆ ಅಣಕು ಕೋಣೆಯ ಬಗ್ಗೆ ಒಂದು ಮಾತು. ಮೂಲಚಿತ್ರದಲ್ಲಿ ಸಲ್ಲಿ ಗರ್ಜಿಸಿದ್ದನ್ನು ಕಂಡು ಬೂ ನಡುಗಿದ್ದು, ತನ್ನ ಮುಖ ಎಷ್ಟು ಕ್ರೂರ ಎಂದು ಅವನಿಗೆ ಹೊಳೆದದ್ದು, ಖಳನ ಬಣ್ಣ ಬಯಲಾದದ್ದು ಎಲ್ಲವೂ ಇಂಥದ್ದೇ ಕೋಣೆಯಲ್ಲಿ. ಸುಳ್ಳು ಮಂಚ, ಸುಳ್ಳು ಮಗು ಇರುವ ಜಾಗದಲ್ಲೇ ಎರಡೂ ಚಿತ್ರಗಳು ನಿಜವನ್ನು ಹೊರಗೆಳೆಯುತ್ತವೆ. ಹೀಗೆ ಮೂಲದ ಒಂದು ಜಾಗವನ್ನು ಹೊಸ ಅರ್ಥದಲ್ಲಿ ಬಳಸುವುದು, ಹಳೆಯ ಪಾತ್ರಗಳನ್ನು ಕರೆತಂದು ಚಪ್ಪಾಳೆ ಗಿಟ್ಟಿಸುವುದಕ್ಕಿಂತ ಎಷ್ಟೋ ಮೇಲು.)

ಮೈಕ್ ಸಿಟ್ಟಿನಲ್ಲಿ ನಿಜವಾದ ಬಾಗಿಲೊಂದನ್ನು ತೆರೆದು ಮನುಷ್ಯರ ಲೋಕಕ್ಕೆ ಹೋಗುತ್ತಾನೆ. ಅದು ಬೇಸಿಗೆ ಶಿಬಿರದ ಕೋಣೆ, ಸಾಲು ಮಂಚಗಳ ಮೇಲೆ ಮಕ್ಕಳು. ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ ಗರ್ಜಿಸುತ್ತಾನೆ. ಒಂದು ಮಗುವೂ ಹೆದರುವುದಿಲ್ಲ. ಪುಟ್ಟ ಹುಡುಗಿಯೊಬ್ಬಳು ಎದ್ದು ಹತ್ತಿರ ಬಂದು, ನೋಡಲು ತಮಾಷೆಯಾಗಿದ್ದೀಯ ಎಂಬರ್ಥದ ಒಂದು ಮಾತಾಡುತ್ತಾಳೆ.

ಇಡೀ ಚಿತ್ರದ ತಿರುಳು ಆ ಮಾತಿನಲ್ಲಿದೆ. ಆ ಕ್ಷಣದಲ್ಲಿ ಮೈಕ್‌ಗೆ ಅದು ಬದುಕಿನ ಆಸೆಯನ್ನೇ ಕತ್ತರಿಸಿದ ಮಾತು. ಮೂಲಚಿತ್ರ ನೋಡಿದ ನಮಗೆ ಮಾತ್ರ ಗೊತ್ತು, ಅವನ ಊರನ್ನು ಮುಂದೊಂದು ದಿನ ಉಳಿಸುವುದು ಇದೇ ತಮಾಷೆ ಎಂದು. ಯಾವ ಗುಣಕ್ಕಾಗಿ ಅವನಿಂದು ಅಳುತ್ತಿದ್ದಾನೋ ಅದೇ ಗುಣಕ್ಕೆ ಕಿರುಚಾಟಕ್ಕಿಂತ ಹತ್ತು ಪಟ್ಟು ಬೆಲೆ. ಹೇಳೋಣವೆಂದರೆ ಪರದೆಯೊಳಗೆ ನಮ್ಮ ದನಿ ಹೋಗುವುದಿಲ್ಲ. ಚಿತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ಆ ಸಂಯಮವೇ ದೊಡ್ಡದು. ನಂತರದ ದೃಶ್ಯದಲ್ಲಿ ಮೈಕ್ ಬೆಳದಿಂಗಳ ಕೆರೆಯ ದಂಡೆಯಲ್ಲಿ ಕೂತಿದ್ದಾನೆ. ಹುಡುಕಿಕೊಂಡು ಬಂದ ಸಲ್ಲಿ, ಹೆದರಿಸುವ ವೇಷ ಹಾಕಿದ್ದರೂ ಹೆಚ್ಚಿನ ಹೊತ್ತು ತನಗೇ ಹೆದರಿಕೆ ಎಂದು ಒಪ್ಪಿಕೊಳ್ಳುತ್ತಾನೆ. ಹಿನ್ನೆಲೆಯಲ್ಲಿ ಗದ್ದಲವಿಲ್ಲ, ನಗೆಚಾಟಿಕೆಯಿಲ್ಲ. ಬೇಸಿಗೆ ರಜೆಯ ಮಕ್ಕಳ ಚಿತ್ರವೊಂದು ಇಷ್ಟು ಹೊತ್ತು ಸುಮ್ಮನೆ ಕೂರುವ ಧೈರ್ಯ ಮಾಡುವುದು ಅಪರೂಪ.

ಇನ್ನು ಹಿಂತಿರುಗುವ ಬಾಗಿಲು ಮುಚ್ಚಿದೆ. ಈ ಕಡೆಯಿಂದಲೇ ಶಕ್ತಿ ಹುಟ್ಟಿಸಿ ಅದನ್ನು ತೆರೆಯಬೇಕು. ಮೈಕ್ ಯೋಜನೆ ಹಾಕುತ್ತಾನೆ, ಯಾವಾಗ ಬಾಗಿಲು ಕಿರುಗುಟ್ಟಬೇಕು, ಯಾವಾಗ ಏನು ಉರುಳಬೇಕು ಎಂದು ಒಂದೊಂದನ್ನೇ ಹೇಳುತ್ತಾನೆ; ಸಲ್ಲಿ ಕೊನೆಯ ಗರ್ಜನೆ ಹಾಕುತ್ತಾನೆ. ಹೆದರಿದವರು ಮಕ್ಕಳಲ್ಲ, ದೊಡ್ಡವರು, ಶಿಬಿರ ಕಾಯುವವರು. ಇವನ ತಲೆ, ಅವನ ಗಂಟಲು: ಮೂಲಚಿತ್ರದ ಜೋಡಿ ನಮ್ಮ ಕಣ್ಣೆದುರೇ ಹುಟ್ಟುತ್ತದೆ. ಸಹಾಯಕನ ಕೆಲಸ ಸೋತವನಿಗೆ ಸಿಕ್ಕ ಸಮಾಧಾನದ ಬಹುಮಾನವಲ್ಲ ಎಂಬುದು ಇಲ್ಲಿ ಸಾಬೀತಾಗುವುದರಿಂದ, 2001ರ ಚಿತ್ರವನ್ನು ಮರಳಿ ನೋಡಿದಾಗ ಮೈಕ್ ಬೇರೆಯೇ ಆಗಿ ಕಾಣುತ್ತಾನೆ. ಮೂಲವನ್ನು ಹೀಗೆ ಹಿಂದಿನಿಂದ ಬೆಳೆಸುವ ಪ್ರೀಕ್ವೆಲ್‌ಗಳು ಬೆರಳೆಣಿಕೆಯಷ್ಟು.

ಇಷ್ಟಾದ ಮೇಲೆ ಡೀನ್ ಕರಗಿ ಇಬ್ಬರನ್ನೂ ಮರಳಿ ಸೇರಿಸಿಕೊಳ್ಳುತ್ತಾಳೆ ಎಂದು ಯಾರಾದರೂ ನಿರೀಕ್ಷಿಸುತ್ತಾರೆ. ಇಲ್ಲ. ತಪ್ಪಿಗೆ ಶಿಕ್ಷೆಯಾಗುತ್ತದೆ, ಇಬ್ಬರನ್ನೂ ವಿಶ್ವವಿದ್ಯಾಲಯದಿಂದಲೇ ಹೊರಹಾಕುತ್ತಾರೆ. ಅವರು ಕಾರ್ಖಾನೆಯ ಅಂಚೆ ವಿಭಾಗದಲ್ಲಿ ಕಾಗದ ಹಂಚುವ ಕೆಲಸಕ್ಕೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಬರುತ್ತಾರೆ. ಮನಸ್ಸಿಟ್ಟರೆ ಏನು ಬೇಕಾದರೂ ಆಗಬಹುದು ಎಂದು ಮಕ್ಕಳ ಚಿತ್ರಗಳು ಹೇಳುತ್ತಲೇ ಇರುತ್ತವೆ. ಈ ಚಿತ್ರ ಹೇಳುವುದು: ಮನಸ್ಸಿಟ್ಟೆ, ದುಡಿದೆ, ಆದರೂ ಆಗಲಿಲ್ಲ, ಸರಿ, ನಾಳೆ ಬೆಳಿಗ್ಗೆ ಏನು ಮಾಡೋಣ? ಎಂಟು ವರ್ಷದವರಿಗೆ ಈ ಮಾತು ತಿಳಿಯುತ್ತದೋ ಇಲ್ಲವೋ. ಹದಿನೆಂಟರವರಿಗೆ ಖಂಡಿತ ತಿಳಿಯುತ್ತದೆ.

ನಡುವಿನ ಸಡಿಲು

ಇಷ್ಟು ಹೊಗಳಿದ್ದೆಲ್ಲ ಆರಂಭದ ಸ್ವಲ್ಪ ಮತ್ತು ಕೊನೆಯ ಅರ್ಧ ಗಂಟೆಯ ಬಗ್ಗೆ. ನಡುವಿನ ಭಾಗದ ಕಥೆಯೇ ಬೇರೆ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಕೂಟಗಳಿವೆ. ಗ್ರೀಕ್ ಅಕ್ಷರಗಳ ಹೆಸರು, ತಮ್ಮದೇ ಮನೆ, ತಮ್ಮದೇ ಪ್ರತಿಷ್ಠೆ. ಈ ಕೂಟಗಳ ಪೈಪೋಟಿ, ಮೂಲೆಗುಂಪಾದವರು ಒಂದಾಗಿ ಅಹಂಕಾರಿಗಳನ್ನು ಸೋಲಿಸುವುದು, ಇದು ಅಲ್ಲಿಯ ಕಾಲೇಜು ಹಾಸ್ಯಚಿತ್ರಗಳ ಸವೆದ ಅಚ್ಚು. ಚಿತ್ರ ಆ ಅಚ್ಚಿಗೆ ಗುಮ್ಮಗಳನ್ನು ಸುರಿದಿದೆ, ಅಷ್ಟೆ. ‘ಊಜ್ಮಾ ಕಾಪ್ಪಾ’ ಎಂಬ ಬಡಪಾಯಿ ಕೂಟಕ್ಕೆ ಮೈಕ್ ಮತ್ತು ಸಲ್ಲಿ ಸೇರುತ್ತಾರೆ. ಐದು ಸುತ್ತಿನ ಪಂದ್ಯ. ಮೊದಲ ಸುತ್ತಿನಲ್ಲೇ ಸೋತವರು ಬೇರೊಂದು ತಂಡ ಮೋಸ ಮಾಡಿ ಹೊರಬಿದ್ದುದರಿಂದ ಬಚಾವಾಗುತ್ತಾರೆ. ಮುಂದಿನದನ್ನು ನೀವೇ ಊಹಿಸಬಲ್ಲಿರಿ. ಪ್ರೀಕ್ವೆಲ್ ಆದ್ದರಿಂದ ಕೊನೆ ಗೊತ್ತು, ಅಚ್ಚಿನ ಕಥೆಯಾದ್ದರಿಂದ ನಡುವೆಯೂ ಗೊತ್ತು. ಎರಡೆರಡು ಸಲ ಗೊತ್ತಿರುವುದನ್ನು ನೋಡುತ್ತಾ ಕೂರಬೇಕು. ಗ್ರಂಥಾಲಯದಲ್ಲಿ ದೈತ್ಯ ಗ್ರಂಥಪಾಲಕಿಗೆ ಕೇಳಿಸದಂತೆ ಬಾವುಟ ಕದಿಯುವ ಸುತ್ತು ಮಾತ್ರ ನಿಜಕ್ಕೂ ಮಜಾ.

ತಂಡದವರು ಒಬ್ಬೊಬ್ಬರೂ ಒಂದೊಂದು ನಗೆಹನಿಯ ಅಳತೆಯವರು. ಮಾರಾಟದ ಕೆಲಸ ಕಳೆದುಕೊಂಡು ನಡುವಯಸ್ಸಿನಲ್ಲಿ ಓದಲು ಬಂದ ಡಾನ್ ಕಾರ್ಲ್‌ಟನ್‌ನಲ್ಲಿ ಒಂದು ಒಳ್ಳೆಯ ಕಥೆಯೇ ಇತ್ತು. ಮೀಸೆ ತೋರಿಸಿ ಮುಂದೆ ಹೋಗಿಬಿಟ್ಟರು. ಹೆಣ್ಣು ಪಾತ್ರಗಳ ವಿಷಯದಲ್ಲಿ ಹೆಲೆನ್ ಮಿರೆನ್ ದನಿ ಕೊಟ್ಟ ಡೀನ್ ಒಬ್ಬಳೇ ನೆನಪಿನಲ್ಲಿ ಉಳಿಯುವವಳು. ಬಾವಲಿಯ ರೆಕ್ಕೆ, ಶತಪದಿಯ ಕಾಲು, ತಣ್ಣಗಿನ ದನಿ. ಅವಳು ಪರದೆಗೆ ಬಂದಾಗಲೆಲ್ಲ ಚಿತ್ರ ನೆಟ್ಟಗೆ ಕೂರುತ್ತದೆ.

ರ‍್ಯಾಂಡಲ್ ವಿಷಯದಲ್ಲಂತೂ ಪ್ರೀಕ್ವೆಲ್‌ಗಳ ಹಳೇ ಕಾಯಿಲೆ ಎದ್ದು ಕಾಣುತ್ತದೆ. ಮೂಲಚಿತ್ರದಲ್ಲಿ ಅವನು ಮೈ ಜುಮ್ಮೆನ್ನಿಸುವ ಖಳ, ಏಕೆಂದರೆ ಅವನ ಬಗ್ಗೆ ನಮಗೆ ಹೆಚ್ಚು ಗೊತ್ತಿಲ್ಲ. ಇಲ್ಲಿ ಅವನು ಮೈಕ್‌ನ ಜೊತೆ ಒಂದೇ ಕೋಣೆಯಲ್ಲಿದ್ದ, ಕನ್ನಡಕ ಹಾಕುವ, ಕಪ್‌ಕೇಕ್ ಮಾಡಿ ಗೆಳೆಯರನ್ನು ಹುಡುಕುವ ನಾಚಿಕೆ ಹುಡುಗ. ಪ್ರತಿಷ್ಠಿತರ ಕೂಟಕ್ಕೆ ಸೇರುತ್ತಾನೆ, ಪಂದ್ಯದಲ್ಲಿ ಸಲ್ಲಿಯೆದುರು ಸೋತು ಅವಮಾನವಾಗುತ್ತದೆ, ಹಗೆ ಸಾಧಿಸುತ್ತೇನೆ ಎನ್ನುತ್ತಾನೆ. ಮಗುವನ್ನು ಯಂತ್ರಕ್ಕೆ ಕಟ್ಟಿ ಕಿರುಚಾಟ ಹೀರುವಷ್ಟು ಕ್ರೂರನಾಗಲು ಇಷ್ಟು ಸಾಕೇ? ಕಾರಣ ಕೊಟ್ಟಷ್ಟೂ ಖಳ ಕುಗ್ಗುತ್ತಾನೆ. ಕನ್ನಡಕ ತೆಗೆದದ್ದರಿಂದ ಅವನ ಕಣ್ಣು ಕಿರಿದಾಯಿತು ಎಂಬುದು ತಮಾಷೆಯ ಉತ್ತರ, ಒಪ್ಪೋಣ. ಆದರೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಅಭಿಮಾನಿಗಳು ಹಿಡಿದು ಜಗ್ಗುವ ಇನ್ನೊಂದು ಎಳೆ ಇದೆ. ಮೂಲಚಿತ್ರದಲ್ಲಿ ಮೈಕ್ ಸಲ್ಲಿಗೆ, ನಾಲ್ಕನೇ ತರಗತಿಯಿಂದಲೂ ನನ್ನ ಚೆಲುವು ಕಂಡರೆ ನಿನಗೆ ಹೊಟ್ಟೆಕಿಚ್ಚು ಎಂದು ಹಾಸ್ಯ ಮಾಡುತ್ತಾನೆ. ಪ್ರೀಕ್ವೆಲ್ ಪ್ರಕಾರ ಇಬ್ಬರ ಪರಿಚಯ ಆಗಿದ್ದೇ ಕಾಲೇಜಿನಲ್ಲಿ. ನನಗೆ ಇದು ತಪ್ಪೇ ಅಲ್ಲ. ಒಂದು ಸಾಲಿನ ಹಾಸ್ಯಕ್ಕೆ ಗಂಟುಬಿದ್ದು ಇಡೀ ಕಥೆಯನ್ನು ನಾಲ್ಕನೇ ತರಗತಿಯಲ್ಲಿ ಕೂರಿಸಿದ್ದರೆ, ಬದುಕಿನ ಆಸೆ ಮುರಿಯುವ ನೋವು ಬರುತ್ತಿರಲಿಲ್ಲ. ಆ ನೋವಿಗೆ ಹರೆಯವೇ ಬೇಕು.

ನನ್ನ ದೊಡ್ಡ ತಕರಾರು ಬೇರೆ. ಮಕ್ಕಳನ್ನು ಹೆದರಿಸಿ ಬದುಕುವುದು ತಪ್ಪು ಎಂಬ ತಿಳಿವಿನಲ್ಲಿ ಮೂಲಚಿತ್ರ ಮುಗಿದಿತ್ತು. ಈ ಚಿತ್ರ ಅದೇ ಕಸುಬನ್ನು ಕ್ರೀಡೆಯ ಹಾಗೆ, ತಾರೆಯರ ವೃತ್ತಿಯ ಹಾಗೆ ಮೆರೆಸುತ್ತದೆ. ಆ ಕಾಲಕ್ಕೆ ಅವರಿಗಿನ್ನೂ ಗೊತ್ತಿರಲಿಲ್ಲ, ನಿಜ. ಆದರೆ ನಮಗೆ ಗೊತ್ತಿದೆಯಲ್ಲ! ಇವರೆಲ್ಲ ಬೆವರು ಸುರಿಸಿ ಕಲಿಯುತ್ತಿರುವ ವಿದ್ಯೆ ಕೆಲವೇ ವರ್ಷಗಳಲ್ಲಿ ಬೇಡವಾಗಲಿದೆ. ಪೈಪೋಟಿಯ ಗದ್ದಲದ ನಡುವೆ ಆ ನೆರಳು ಒಂದು ಸಲವಾದರೂ ಹಾಯ್ದಿದ್ದರೆ ನಡುವಿನ ಭಾಗಕ್ಕೂ ಶಿಬಿರದ ಕೋಣೆಯ ತೂಕ ಬರುತ್ತಿತ್ತು.

ಕೂದಲು, ಬೆಳಕು, ಪ್ರಾಯ

ತಾಂತ್ರಿಕವಾಗಿ ದೂರಲು ಏನೂ ಇಲ್ಲ. 2001ರ ಸಲ್ಲಿಯ ಮೈಮೇಲೆ ಸುಮಾರು 23 ಲಕ್ಷ ಕೂದಲು, 2013ರವನಿಗೆ ಸುಮಾರು 55 ಲಕ್ಷ. ಬೆಳಕು ಒಂದು ಗೋಡೆಗೆ ಬಡಿದು ಚಿಮ್ಮಿ ಇನ್ನೊಂದು ವಸ್ತುವಿನ ಮೇಲೆ ಬೀಳುವುದನ್ನು ಲೆಕ್ಕಹಾಕುವ ಹೊಸ ಪದ್ಧತಿಯನ್ನು ಪಿಕ್ಸಾರ್ ಇಲ್ಲಿ ದೊಡ್ಡ ಮಟ್ಟದಲ್ಲಿ ಬಳಸಿತು. ಅದಕ್ಕೆ ಮುಂಚೆ ದೀಪಗಳನ್ನು ಕಲಾವಿದರು ಒಂದೊಂದಾಗಿ ಜೋಡಿಸಿ ಆ ಭ್ರಮೆ ಹುಟ್ಟಿಸಬೇಕಿತ್ತು. ಕಾಲೇಜಿನ ಅಂಗಳದ ಮರಗಳ ಕೆಳಗಿನ ಬಿಸಿಲು ಅಷ್ಟು ನಿಜವೆನಿಸುವುದು ಅದಕ್ಕೇ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಪ್ರಾಯದ ಲೆಕ್ಕ. ಮನುಷ್ಯರನ್ನು ಕಿರಿಯರನ್ನಾಗಿಸಲು ಸುಕ್ಕು ತೆಗೆದರಾಯಿತು. ಹಸಿರು ಚೆಂಡನ್ನು ಹದಿನೆಂಟರ ಚೆಂಡಾಗಿಸುವುದು ಹೇಗೆ? ಮೈಕ್‌ನನ್ನು ತುಸು ತೆಳ್ಳಗೆ ಮಾಡಿ ಹಲ್ಲಿಗೊಂದು ತಂತಿ ಹಾಕಿದರು. ಸಲ್ಲಿಯ ಮೈ ಇಳಿಸಿ, ತಲೆಗೂದಲು ಕೆದರಿದರು. ಅಷ್ಟರಲ್ಲೇ ಕೆಲಸ ಆಗಿದೆ.

ಬೇರೆ ಪ್ರೀಕ್ವೆಲ್‌ಗಳ ಪಕ್ಕದಲ್ಲಿ

2015ರ ‘ಮಿನಿಯನ್ಸ್’ ಕೂಡ ‘ಡೆಸ್ಪಿಕಬಲ್ ಮಿ’ ಚಿತ್ರಕ್ಕೆ ಪ್ರೀಕ್ವೆಲ್ಲೇ. 115 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ಗಾಯವೇ ಇಲ್ಲ. ಒಡೆಯನೊಬ್ಬ ಬೇಕು ಎಂದು ಅಲೆದ ಹಳದಿ ಪಡೆಗೆ ಕೊನೆಯಲ್ಲಿ ಒಡೆಯ ಸಿಗುತ್ತಾನೆ. ನಗಿಸುವುದಷ್ಟೇ ಗುರಿ ಎಂದಾದರೆ ಕೊನೆ ಗೊತ್ತಿರುವುದು ತೊಂದರೆಯೇ ಅಲ್ಲ. ಸಿಂಹಗಳ ಕಥೆ ‘ದಿ ಲಯನ್ ಕಿಂಗ್’ಗೆ ಪ್ರೀಕ್ವೆಲ್ ಆದ 2024ರ ‘ಮುಫಾಸಾ’ಕ್ಕೆ ನಿಜವಾದ ದುರಂತ ಕೈಯಲ್ಲೇ ಇತ್ತು: ಅಣ್ಣನನ್ನು ಮುಂದೆ ಕೊಲ್ಲಲಿರುವ ತಮ್ಮ, ಇಲ್ಲಿ ಅವನನ್ನು ಪ್ರೀತಿಯಿಂದ ಮನೆಗೆ ಕರೆದೊಯ್ಯುವ ಮರಿ. ಆ ಎರಡು ಮರಿಗಳ ಬಾಲ್ಯ ಚೆನ್ನಾಗಿಯೇ ಇದೆ. ಆದರೆ ತಮ್ಮನ ‘ಸ್ಕಾರ್’ (ಗಾಯದ ಗುರುತು) ಎಂಬ ಹೆಸರಿಗೆ ಒಂದು ಗಾಯ, ಆ ಗಾಯಕ್ಕೊಂದು ಸಂದರ್ಭ ಎಂದು ಲೆಕ್ಕ ಚುಕ್ತಾ ಮಾಡಲು ಹೊರಟಾಗ ದುರಂತ ಕೈಜಾರುತ್ತದೆ.

ಮನೆಯಲ್ಲಿ ಮಕ್ಕಳಿಗೆ ತೋರಿಸುವುದಾದರೆ ಯಾವುದು ಮೊದಲು ಎಂದು ಕೇಳುವವರಿದ್ದಾರೆ. ಕಥೆಯ ಕಾಲದ ಪ್ರಕಾರ ಕಾಲೇಜು ಮೊದಲು, ಕಾರ್ಖಾನೆ ಆಮೇಲೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಡುಗಡೆಯಾದ ಕ್ರಮದಲ್ಲೇ ತೋರಿಸಿ, 2001ರದ್ದು ಮೊದಲು. ಕಾಲೇಜಿನ ಕಥೆಯನ್ನೇ ಮೊದಲು ನೋಡಿದ ಮಗುವಿಗೆ ಶಿಬಿರದ ಹುಡುಗಿಯ ಮಾತು ಬರೀ ಚುಚ್ಚುಮಾತು. ಮೂಲ ನೋಡಿದ ಮಗು ಮಾತ್ರ ಆ ಜಾಗಕ್ಕೆ ಬಂದಾಗ ಪರದೆಯ ಕಡೆಗೆ ಬೆರಳು ಮಾಡಿ, ಇವನು ಆಮೇಲೆ ನಗಿಸುತ್ತಾನೆ ಎಂದು ಪಕ್ಕದವರಿಗೆ ಹೇಳುತ್ತದೆ.